ಇಸಬೆಲ್ಲ ಥೋಬರ್ನಮ್ಮನವರೂ ಅವರ ತೆರೆದ ಮನೆಯೂ

ಕೋಲಾರದ ಮಿಶನ್ ಆಸ್ಪತ್ರೆಯನ್ನು ಅರಿಯದವರು ಆವನಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಇರಲಾರರು. ನಮ್ಮ ಅಜ್ಜಿಯರ ಕಾಲದಲ್ಲಿ ಹೆರಿಗೆಯು ಕಷ್ಟವಾದಾಗ ಗಾಡಿ ಕಟ್ಟಿಕೊಂಡು ಅಲ್ಲಿಗೆ ಧಾವಿಸಿದ ಮನೆಗಳು ನಮ್ಮ ಸಭೆಗಳಲ್ಲಿ ಅನೇಕವಾಗಿವೆ. ಆದರೆ 1910ರಲ್ಲಿ ಆರಂಭವಾದ ಆ ಆಸ್ಪತ್ರೆಯು ಹೊತ್ತಿರುವ ಎಲೆನ್ ಥೋಬರ್ನ್ ಕೋವೆನ್ ಎಂಬ ಹೆಸರು ಯಾರದೆಂದು ಕೇಳಿದರೆ ಹೇಳಬಲ್ಲವರು ಕೆಲವರೇ. ಅದು ಅಮೆರಿಕಾ ದೇಶದ ಒಬ್ಬ ಗೃಹಿಣಿಯ ಹೆಸರು. ಆಕೆಯ ತಂಗಿಯೇ ಇಸಬೆಲ್ಲ ಥೋಬರ್ನಮ್ಮನವರು. ಅಕ್ಕನ ಹೆಸರು ನಮ್ಮ ಕೋಲಾರದಲ್ಲಿಯೂ ತಂಗಿಯ ಹೆಸರು ಲಕ್ನೋ ಪಟ್ಟಣದ ಕಾಲೇಜಿನಲ್ಲಿಯೂ ಉಳಿದಿವೆ. ಈ ತಿಂಗಳು ತಂಗಿಯ ಜೀವಿತವನ್ನು ಹೇಳಬೇಕೆಂದು ನಾವು ಎಣಿಸಿದ್ದೇವೆ. ಶಾಲೆ ಕಾಲೇಜುಗಳ ವಿಷಯವನ್ನು ಬರೆದವರು ಬಹುಮಂದಿ ಇರುವುದರಿಂದ, ಆಕೆಯು ಯಾರ ಮನೆಗೆ ಹೋದರು, ತಮ್ಮ ಮನೆಗೆ ಯಾರನ್ನು ಕರೆದರು ಎಂಬುದನ್ನೇ ಹೆಚ್ಚಾಗಿ ಹೇಳುವೆವು.

ಇಸಬೆಲ್ಲಮ್ಮನವರ ತಂದೆಯಾದ ಮ್ಯಾಥ್ಯೂ ಥೋಬರ್ನನೂ ತಾಯಿಯಾದ ಜೇನಳೂ ಐರ್ಲೆಂಡ್ ದೇಶವನ್ನು ಬಿಟ್ಟು ಅಮೆರಿಕಾಕ್ಕೆ ಹೋಗಿ, ಒಹಾಯೋ ಸೀಮೆಯ ಸೇಂಟ್ ಕ್ಲೇರ್ಸ್‌ವಿಲ್ ಎಂಬ ಊರಿನ ಬಳಿ ಹೊಲ ಮಾಡಿಕೊಂಡಿದ್ದರು. ಅವರಿಗೆ ಹತ್ತು ಮಂದಿ ಮಕ್ಕಳು. ಇಸಬೆಲ್ಲಳು 1840ನೆಯ ಮಾರ್ಚಿ ತಿಂಗಳು 29ರಲ್ಲಿ ಹುಟ್ಟಿದಳು. ಆ ಕಾಲದಲ್ಲಿ ಮೆಥೊಡಿಸ್ಟ್ ಬೋಧಕರು ಕುದುರೆಯ ಮೇಲೆ ಊರಿಂದೂರಿಗೆ ಸಂಚರಿಸುತ್ತಿದ್ದರು. ಅವರಿಗೆ ಛತ್ರವಿರಲಿಲ್ಲ; ಬೇಸಾಯಗಾರರ ಮನೆಗಳೇ ಛತ್ರಗಳು. ಬೋಧಕನು ಬಂದನೆಂದರೆ ಕುದುರೆಗೆ ಹುಲ್ಲು, ಅವನಿಗೆ ಬಿಸಿ ಊಟ, ಮಕ್ಕಳು ಮಲಗುವ ಹಾಸಿಗೆಯಲ್ಲಿ ಒಂದು ಪಾಲು. ಇಂಥ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ದೂರದ ಊರುಗಳ ಸುದ್ದಿಯು ಮೊದಲು ಕಿವಿಗೆ ಬೀಳುತ್ತಿದ್ದುದು ಪುಸ್ತಕದಿಂದಲ್ಲ, ಒಲೆಯ ಮುಂದೆ ಕುಳಿತ ಅತಿಥಿಯ ಬಾಯಿಂದ.

ತಾಯಿ ಜೇನಳ ವಿಷಯವಾಗಿ ಆ ಕುಟುಂಬದಲ್ಲಿ ಒಂದು ಕಥೆಯುಂಟು. ಚಳಿಗಾಲಕ್ಕೆ ಹೊಸ ನಿಲುವಂಗಿಯನ್ನು ಕೊಂಡುಕೋ ಎಂದು ಗಂಡನು ಚಿನ್ನದ ನಾಣ್ಯವನ್ನು ಕೊಟ್ಟಾಗ, ಆಕೆಯು ಅದನ್ನು ಪರದೇಶಗಳ ಸುವಾರ್ತಾಸೇವೆಯ ಕಾಣಿಕೆಗೆ ಸೇರಿಸಿ ಹಳೆಯ ಅಂಗಿಯಲ್ಲಿಯೇ ಚಳಿಯನ್ನು ಕಳೆದಳಂತೆ. ಮಕ್ಕಳು ಅದನ್ನು ಕಂಡಿದ್ದರು, ಮರೆಯಲೂ ಇಲ್ಲ. 1850ರಲ್ಲಿ ತಂದೆಯು ತೀರಿಕೊಂಡಾಗ ಇಸಬೆಲ್ಲಳಿಗೆ ಹತ್ತು ವರ್ಷ. ತಾಯಿಯು ಸಂಸಾರವನ್ನು ನಡಿಸಿದಳು. ಹುಡುಗಿಯು ವೀಲಿಂಗ್ ಎಂಬ ಊರಿನ ಸ್ತ್ರೀವಿದ್ಯಾಲಯದಲ್ಲಿ ಕಲಿತು ಉಪಾಧ್ಯಾಯಿನಿಯಾದಳು.

ಆ ಮನೆಯ ಮಕ್ಕಳು ಹೋದ ದಾರಿಗಳನ್ನು ಇಲ್ಲಿ ಸ್ವಲ್ಪ ನೋಡಬೇಕು. ಮಗನಾದ ಜೇಮ್ಸನು 1859ರಲ್ಲಿ ಮಿಶನರಿಯಾಗಿ ಹಿಂದೂದೇಶಕ್ಕೆ ಬಂದನು, ಮುಂದೆ ಬಿಷಪ್ಪನಾದನು. ಅಕ್ಕ ಎಲೆನಳು ಬೆಂಜಮಿನ್ ರಶ್ ಕೋವೆನ್ ಎಂಬವರನ್ನು ಮದುವೆಯಾದಳು. ಇವರು ಅಮೆರಿಕಾದ ಅಂತರ್ಯುದ್ಧದ ಕಾಲದಲ್ಲಿ ಒಹಾಯೋ ಸೀಮೆಯ ದಂಡಿನ ದೊಡ್ಡ ಅಧಿಕಾರಿ. 1871ರಿಂದ 1876ರ ವರೆಗೆ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಒಳನಾಡಿನ ಇಲಾಖೆಯ ಉಪಮಂತ್ರಿ. ಹೊಲದ ಮನೆಯ ಹುಡುಗಿಯು ಹೀಗೆ ದೊಡ್ಡವರ ಮನೆತನಗಳ ನಡುವೆ ಸೇರಿದಳು.

ಆ ಪಟ್ಟಣದ ದೊಡ್ಡ ಮನೆಗಳವರು ಒಬ್ಬರನ್ನೊಬ್ಬರು ಕಾಣಲು ಹೋಗುವ ಪದ್ಧತಿಯನ್ನು ಕೇಳಿದರೆ ನಮ್ಮ ಹಳ್ಳಿಯವರು ಆಶ್ಚರ್ಯಪಟ್ಟಾರು. ಅಧಿಕಾರಿಗಳ ಹೆಂಡಿರು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ ಅಂದು ಮನೆಯಲ್ಲಿದ್ದು ಬಂದವರನ್ನು ಎದುರುಗೊಳ್ಳಬೇಕು. ಬರುವವರು ತಮ್ಮ ಹೆಸರನ್ನು ಅಚ್ಚುಹಾಕಿಸಿದ ಸಣ್ಣ ಚೀಟಿಯನ್ನು ಆಳಿನ ಕೈಯ ತಟ್ಟೆಯಲ್ಲಿ ಇಡಬೇಕು. ತಾವೇ ಬಂದಿದ್ದರೆ ಚೀಟಿಯ ಮೂಲೆಯನ್ನು ಮಡಿಸಬೇಕು. ಕಾಲು ಗಂಟೆಯ ಮೇಲೆ ಕುಳಿತಿರುವುದು ಮರ್ಯಾದೆಯಲ್ಲ. ಒಬ್ಬರು ಬಂದುಹೋದ ಮೇಲೆ ಕೆಲವು ದಿವಸಗಳೊಳಗೆ ಅವರ ಮನೆಗೆ ತಿರುಗಿ ಹೋಗದಿದ್ದರೆ ಸ್ನೇಹವು ಬೇಡವೆಂದೇ ಅರ್ಥ. ಹೊಸವರ್ಷದ ದಿನದಲ್ಲಂತೂ ಗಂಡಸರು ಮನೆಯಿಂದ ಮನೆಗೆ ತಿರುಗುವರು. ಹೆಂಗಸರು ಮೇಜಿನ ಮೇಲೆ ಭಕ್ಷ್ಯಗಳನ್ನು ಜೋಡಿಸಿಕೊಂಡು ಕಾದಿರುವರು. ಅಧ್ಯಕ್ಷನೂ ತನ್ನ ಮನೆಯ ಬಾಗಿಲನ್ನು ಜನರಿಗೆ ತೆರೆದಿಡುವನು. ಅಧ್ಯಕ್ಷನ ಮನೆಯ ಈ ಪದ್ಧತಿಯು 1932ರ ವರೆಗೂ ನಡೆದುಬಂತು. ಇದರಲ್ಲಿ ಸ್ನೇಹವೂ ಇತ್ತು, ಲೆಕ್ಕಾಚಾರವೂ ಇತ್ತು. ಯಾರ ಚೀಟಿಯು ಯಾರ ತಟ್ಟೆಯಲ್ಲಿ ಬಿತ್ತು ಎಂಬುದರ ಮೇಲೆ ಮಾನವೂ ಅವಮಾನವೂ ನಿಲ್ಲುತ್ತಿದ್ದವು. ಮದುವೆಯ ಓಲೆಯು ತಮ್ಮ ಮನೆಗೆ ಬರಲಿಲ್ಲವೆಂದು ಮೂರು ತಲೆಮಾರು ಮಾತು ಬಿಡುವ ನಮ್ಮವರು ಇದನ್ನು ನೋಡಿ ನಗಬೇಕಾದ್ದಿಲ್ಲ.

ಇಸಬೆಲ್ಲಳಿಗೂ ಅಂಥ ಬಾಳು ದೂರವಾಗಿರಲಿಲ್ಲ. ಆದರೆ 1866ರಲ್ಲಿ ಅಣ್ಣ ಜೇಮ್ಸನಿಂದ ಒಂದು ಕಾಗದವು ಬಂತು. ಅವನು ಉತ್ತರದೇಶದ ಹಳ್ಳಿಗಳಲ್ಲಿ ಗುಡಾರ ಹೂಡಿ ಬೋಧಿಸುತ್ತಿದ್ದನು. ಗಂಡಸರು ಮರದ ಕೆಳಗೆ ಕೂಡಿ ಕೇಳುತ್ತಿದ್ದರು. ಹೆಂಗಸರಿರುವ ಒಳಮನೆಗೆ ಅವನು ಕಾಲಿಡುವಂತಿರಲಿಲ್ಲ. ಯಾವ ಗಂಡಸೂ ಇಡುವಂತಿರಲಿಲ್ಲ. ಒಂದು ದಿನ ಬಳಿಯಲ್ಲಿ ಬಿದ್ದಿದ್ದ ರಣಹದ್ದಿನ ಗರಿಯನ್ನು ಎತ್ತಿ, ಅದನ್ನು ಲೇಖನಿಯಾಗಿ ಕೆತ್ತಿ, ನೀನು ಬಂದು ಇಲ್ಲಿಯ ಹುಡುಗಿಯರಿಗೆ ಕಲಿಸುವೆಯಾ ಎಂದು ತಂಗಿಗೆ ಬರೆದನು. ಬರುವೆನೆಂಬ ಉತ್ತರವು ಮುಂದಿನ ಟಪ್ಪಾಲಿನಲ್ಲಿಯೇ ಬಂತು.

ಆದರೆ ಮದುವೆಯಾಗದ ಹೆಂಗಸನ್ನು ಒಂಟಿಯಾಗಿ ಕಳುಹಿಸಲು ಮೆಥೊಡಿಸ್ಟ್ ಸಭೆಯಲ್ಲಿ ಸಂಘವಿರಲಿಲ್ಲ. 1869ರ ಮಾರ್ಚಿಯಲ್ಲಿ ಬಾಸ್ಟನ್ ಪಟ್ಟಣದ ಕೆಲವು ಸ್ತ್ರೀಯರು, ಮಳೆ ಸುರಿಯುತ್ತಿದ್ದ ಒಂದು ದಿನ, ಒಂದು ದೇವಾಲಯದಲ್ಲಿ ಸೇರಿ ಮೆಥೊಡಿಸ್ಟ್ ಸ್ತ್ರೀಯರ ಪರದೇಶ ಮಿಶನರಿ ಸಂಘವನ್ನು ಸ್ಥಾಪಿಸಿದರು. ಬೇಗನೆ ಹಣದ ಪ್ರಶ್ನೆಯು ಎದ್ದಿತು. ಕೈಯಲ್ಲಿದ್ದುದು ಅತ್ಯಲ್ಪ. ಆಗ ಅವರಲ್ಲೊಬ್ಬಾಕೆಯು, ರೇಶ್ಮೆಯನ್ನು ಬಿಟ್ಟು ಒರಟು ಹತ್ತಿಯ ಚೀಟಿಬಟ್ಟೆಯುಟ್ಟು ಬೀದಿಯಲ್ಲಿ ನಡೆದಾದರೂ ಈ ಹುಡುಗಿಯನ್ನು ಕಳುಹಿಸೋಣವೆಂದು ಹೇಳಿದಳು. ಉಡಿಗೆಯನ್ನು ನೋಡಿ ಮನೆಯೊಳಗೆ ಕರೆಯುವ ಪಟ್ಟಣದಲ್ಲಿ ಇಂಥ ಮಾತು ಸಣ್ಣದಾಗಿರಲಿಲ್ಲ. ಅದೇ ವರ್ಷದ ನವೆಂಬರ್ 3ರಲ್ಲಿ ಇಸಬೆಲ್ಲಮ್ಮನವರೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯೂ ಹಡಗನ್ನೇರಿ, 1870ರ ಜನವರಿಯಲ್ಲಿ ಬೊಂಬಾಯಿಗೆ ಮುಟ್ಟಿದರು.

ಸ್ವೇನಮ್ಮನವರು ಬರೇಲಿಗೆ ಹೋದರು. ಅವರ ಕಥೆಯು ಬೇರೆಯದಾದರೂ ಅದರಲ್ಲಿ ಒಂದು ಸಂಗತಿಯು ನಮ್ಮ ವಿಷಯಕ್ಕೆ ಸೇರಿದ್ದು. ಆಸ್ಪತ್ರೆಗೆ ಸ್ಥಳ ಬೇಕಾಗಿತ್ತು. ಮಿಶನ್ ಮನೆಯ ಪಕ್ಕದ ದೊಡ್ಡ ತೋಟವು ರಾಂಪುರದ ನವಾಬನದು. ಕ್ರೈಸ್ತರಿಗೆ ಅವನು ಅಂಗೈಯಗಲ ನೆಲವನ್ನೂ ಕೊಡನೆಂದು ಎಲ್ಲರೂ ಹೇಳುತ್ತಿದ್ದರು. ಹೀಗಿದ್ದರೂ 1871ರಲ್ಲಿ ಮಿಶನರಿಗಳು ಅವನನ್ನು ಕಾಣಲು ಹೋದರು. ಅವನು ಅವರನ್ನು ಅತಿಥಿಗಳಾಗಿ ಇಳಿಸಿಕೊಂಡು ಬಹಳವಾಗಿ ಸತ್ಕರಿಸಿದನು. ಕ್ರಯಕ್ಕೆ ಕೇಳಬೇಕೆಂದು ಇವರು ಬಾಯಿ ತೆರೆದರೆ, ಸ್ತ್ರೀಯರ ಆಸ್ಪತ್ರೆಗೆಂದು ಅವನು ಆ ತೋಟವನ್ನೂ ಮನೆಯನ್ನೂ ದಾನವಾಗಿಯೇ ಕೊಟ್ಟುಬಿಟ್ಟನು. ಮುಸಲ್ಮಾನ ದೊರೆಯ ಅತಿಥಿಸತ್ಕಾರದಿಂದ ಆ ಆಸ್ಪತ್ರೆಗೆ ನೆಲ ದೊರಕಿತೆಂಬುದನ್ನು ನಮ್ಮವರು ನೆನಪಿನಲ್ಲಿಡುವುದು ನ್ಯಾಯ.

ಇಸಬೆಲ್ಲಮ್ಮನವರು ಲಕ್ನೋವಿಗೆ ಅಣ್ಣನ ಬಳಿಗೆ ಬಂದರು. ಬಂದ ಹೊಸತರಲ್ಲಿ ಅಣ್ಣನು ತನ್ನ ಕಾಗದಪತ್ರಗಳನ್ನು ನಕಲು ಮಾಡಿಕೊಡೆಂದು ಕೇಳುತ್ತ ಹೋದನು. ತಂಗಿಯು ಕೆಲವು ದಿನ ಮಾಡಿಕೊಟ್ಟು, ನಿನಗೆ ಒಬ್ಬ ನಕಲುಗಾರನಿದ್ದರೆ ಬಹಳ ಉಪಯೋಗವಾಗುವುದಲ್ಲವೇ ಎಂದು ಮೃದುವಾಗಿ ಹೇಳಿದಳು. ಅವನಿಗೆ ಅರ್ಥವಾಯಿತು. ಸಮುದ್ರ ದಾಟಿ ಬಂದ ಹೆಂಗಸು ಅಣ್ಣನ ಗುಮಾಸ್ತೆಯಾಗಲು ಬಂದವಳಲ್ಲವೆಂಬುದನ್ನು ತಾನು ಅಂದು ಕಲಿತೆನೆಂದು ಅವನೇ ಮುಂದೆ ಬರೆದಿದ್ದಾನೆ. ಬಿಷಪ್ಪನ ಈ ನೇರವಾದ ಮಾತು ನಮಗೆ ಬಹಳ ಹಿಡಿಸಿತು.

ಅದೇ ವರ್ಷದ ಕೊನೆಯಲ್ಲಿ ಜೇಮ್ಸ್ ಥೋಬರ್ನರು ವಿಲಿಯಂ ಟೇಲರ್ ಎಂಬ ಸಂಚಾರೀ ಬೋಧಕನನ್ನು ಲಕ್ನೋವಿಗೆ ಆಹ್ವಾನಿಸಿದರು. ಕೆಲವು ದಿವಸದ ಅತಿಥಿಯಾಗಿ ಬಂದ ಆ ಮನುಷ್ಯನು ಹಿಂದೂದೇಶವನ್ನು ಬಿಟ್ಟುಹೋಗುವ ಮುಂಚೆ ಬೊಂಬಾಯಿ, ಪುಣೆ, ಕಲ್ಕತ್ತೆ, ಮದ್ರಾಸುಗಳನ್ನು ಸುತ್ತಿ 1874ರಲ್ಲಿ ಬೆಂಗಳೂರಿಗೂ ಬಂದನು. ಅಮೆರಿಕದ ಮೆಥೊಡಿಸ್ಟ್ ಸಭೆಯು ನಮ್ಮ ಕನ್ನಡ ಸೀಮೆಗೆ ಬಂದುದು ಹೀಗೆ. ಆ ಬಳಿಕ 1890ರಲ್ಲಿ, ದೊಡ್ಡ ಬರದ ಕಾಲದಲ್ಲಿ ಆನ್ಸ್ಟಿ ದೊರೆಸಾನಿಯವರು ಕೋಲಾರದಲ್ಲಿ ತಬ್ಬಲಿ ಮಕ್ಕಳಿಗಾಗಿ ತೆರೆದಿದ್ದ ಆಶ್ರಮವು ಅದೇ ಸಭೆಯ ಕೈಗೆ ಬಂತು. ನಮ್ಮ ಸಭೆಗಳ ಕೆಲವು ಮನೆತನಗಳ ಮೂಲಪುರುಷರು ಆ ಆಶ್ರಮದ ಅನ್ನವನ್ನು ತಿಂದವರು.

ಲಕ್ನೋವಿಗೆ ಮರಳೋಣ. 1870ರ ಏಪ್ರಿಲ್ 18ರಲ್ಲಿ ಅಮೀನಾಬಾದಿನ ಪೇಟೆಯಲ್ಲಿ ಒಂದು ಕೋಣೆಯನ್ನು ಹಿಡಿದು ಇಸಬೆಲ್ಲಮ್ಮನವರು ಶಾಲೆಯನ್ನಾರಂಭಿಸಿದರು. ಬಂದವರು ಆರೇಳು ಹುಡುಗಿಯರು. ಹೆಣ್ಣುಮಕ್ಕಳಿಗೆ ಓದು ಕಲಿಸುವುದನ್ನು ಕಂಡು ಯಾರಾದರೂ ಗಲಾಟೆ ಮಾಡಿಯಾರೆಂದು ಬಾಗಿಲಲ್ಲಿ ಒಬ್ಬ ಗಟ್ಟಿ ಹುಡುಗನು ಬಿದಿರು ದೊಣ್ಣೆಯನ್ನು ಹಿಡಿದು ನಿಂತಿದ್ದನು. ಮಿಸ್ಸಮ್ಮನವರ ಮೊದಲನೆಯ ಬಾಗಿಲು ಅದು. ಮರುವರ್ಷವೇ ಮಿಶನಿನವರು ಲಾಲ್ ಬಾಗ್ ಎಂಬ ವಿಶಾಲವಾದ ಮನೆಯನ್ನೂ ತೋಟವನ್ನೂ ಕೊಂಡುಕೊಂಡರು. ಅವಧದ ಕೊನೆಯ ನವಾಬನ ಖಜಾಂಚಿಯು ಕಟ್ಟಿಸಿದ್ದ ಮನೆಯದು. ನವಾಬನ ಕಾಲದಲ್ಲಿ ಯಾವ ಯಾವ ಔತಣಗಳು ಅಲ್ಲಿ ನಡೆದಿದ್ದವೋ ನಾವರಿಯೆವು. ಇನ್ನು ಮುಂದೆ ನಡೆದವುಗಳನ್ನು ಹೇಳಬಲ್ಲೆವು.

ಶಾಲೆಗೆ ಮಕ್ಕಳು ಬರಬೇಕಾದರೆ ಮೊದಲು ತಾಯಂದಿರನ್ನು ಕಾಣಬೇಕು. ಆದಕಾರಣ ಮಿಶನಿನ ಹೆಂಗಸರು ಮನೆಮನೆಗೆ ಹೋದರು. ಲಕ್ನೋವಿನ ದೊಡ್ಡ ಮನೆತನಗಳ ಸ್ತ್ರೀಯರು ಪರದೆಯ ಹಿಂದಿದ್ದರು; ಅವರು ಹೊರಗೆ ಬರುವಂತಿಲ್ಲ, ಹೊರಗಿನ ಗಂಡಸು ಒಳಗೆ ಹೋಗುವಂತಿಲ್ಲ. ಆ ಒಳಮನೆಗಳ ಭೇಟಿಗೂ ತನ್ನದೇ ಆದ ಮರ್ಯಾದೆಯಿತ್ತು. ಚಪ್ಪರದ ಮಂಚದ ಮೇಲೋ ಚಾಪೆಯ ಮೇಲೋ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಎಷ್ಟು ಹೊತ್ತು ಕ್ಷೇಮಸಮಾಚಾರವನ್ನೇ ಆಡಬೇಕು, ಇವನ್ನೆಲ್ಲ ಕಲಿಯಬೇಕು. ಅತ್ತರನ್ನು ಹಚ್ಚಿ ವೀಳ್ಯವನ್ನು ಕೈಗಿಟ್ಟರೆ ಇನ್ನು ಹೊರಡಬಹುದೆಂದು ಅರ್ಥ. ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳಿಗೆ ಎಲೆಯಡಿಕೆ ಕೊಟ್ಟು ಕಳುಹಿಸುವ ಹಾಗೆಯೇ ಇದು. ಅಕ್ಕನು ವಾಷಿಂಗ್ಟನ್ನಿನಲ್ಲಿದ್ದ ಆ ವರ್ಷಗಳಲ್ಲಿ ಅಲ್ಲಿಯ ಹೆಂಗಸರು ಮಡಿಸಿದ ಚೀಟಿಗಳನ್ನು ಎಣಿಸುತ್ತಿರಲು, ತಂಗಿಯು ಲಕ್ನೋವಿನ ಗಲ್ಲಿಗಳಲ್ಲಿ ವೀಳ್ಯದ ಮಡಿಕೆಯ ಮರ್ಯಾದೆಯನ್ನು ಕಲಿಯುತ್ತಿದ್ದರು.

ಎರಡಕ್ಕೂ ಒಂದು ಭೇದವಿತ್ತು. ಚೀಟಿಯನ್ನಿಟ್ಟವಳ ಮನೆಗೆ ಮರುಭೇಟಿಯಾಗುತ್ತಿತ್ತು. ಇಲ್ಲಿ ಮಿಸ್ಸಮ್ಮನು ಕುಳಿತೆದ್ದ ಸ್ಥಳವನ್ನು ಅನೇಕ ಮನೆಗಳಲ್ಲಿ ನೀರು ಹಾಕಿ ತೊಳೆಯುತ್ತಿದ್ದರು. ಅವರ ಕೈಯ ನೀರನ್ನು ಕುಡಿಯುತ್ತಿರಲಿಲ್ಲ. ನೀರಿನ ಕೊಡದಿಂದ ದೂರ ನಿಲ್ಲೆಂದು ಹೇಳಿಸಿಕೊಂಡ ನೆನಪುಳ್ಳ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಿದ್ದರೂ ಮಿಶನಿನ ಹೆಂಗಸರು ತಿರುಗಿ ತಿರುಗಿ ಹೋದರು. ಅದಕ್ಕಿಂತ ಕಠಿಣವಾದ ಪ್ರಶ್ನೆಯು ಅವರ ಸ್ವಂತ ಜನರಲ್ಲಿಯೇ ಇತ್ತು. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಮಿಶ್ರಸಂತತಿಯವರಿಗೆ ಒಂದು, ಹಿಂದೂದೇಶದವರಿಗೆ ಒಂದು ಎಂದು ಬೇರೆ ಬೇರೆ ಮಾಡಿಡುವುದು ಆ ಕಾಲದ ವಾಡಿಕೆ. ಇಸಬೆಲ್ಲಮ್ಮನವರು ಲಾಲ್ ಬಾಗಿನಲ್ಲಿ ಈ ಮೂರು ವರ್ಗದ ಹುಡುಗಿಯರನ್ನೂ ಸೇರಿಸಿಕೊಂಡರು. ಹಿಂದೂಗಳೂ ಮುಸಲ್ಮಾನರೂ ಬಂದರು. ಒಳ್ಳೆಯವರೆನಿಸಿಕೊಂಡವರಿಗೂ ಇದು ಸರಿಬೀಳಲಿಲ್ಲ. ಬಡವರಿಗೆ ದಾನ ಮಾಡಲು ಒಪ್ಪುವವರು ಅವರ ಪಕ್ಕದಲ್ಲಿ ತಮ್ಮ ಮಗಳನ್ನು ಕೂರಿಸಲು ಒಪ್ಪುವುದಿಲ್ಲ.

ಈ ಮಾತು ಲಕ್ನೋವಿಗೆ ಮಾತ್ರವೇ ಸೇರಿದ್ದೆಂದು ನಾವು ಹೇಳಲಾರೆವು. ಆವನಿಯ ಜಾತ್ರೆಯ ದಿನಗಳಲ್ಲಿ ದನಗಳ ಸಂತೆಗೆಂದು ದೂರದವರು ಬಂದಾಗ ಮಜ್ಜಿಗೆಯನ್ನು ಯಾರಿಗಾದರೂ ಹೊಯ್ಯುತ್ತೇವೆ. ರಾಗಿಮುದ್ದೆಯನ್ನು ಹುರುಳಿ ಸಾರಿನೊಡನೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕಾದಾಗ ಮಾತ್ರ ಇವನು ಯಾವ ಕೇರಿಯವನೆಂದು ಕೇಳುವ ಬಾಯಿಗಳು ಸಭೆಯಲ್ಲಿಯೂ ಇಲ್ಲದಿಲ್ಲ.

ಲಾಲ್ ಬಾಗಿನ ಮನೆಯು ಕ್ರಮೇಣ ಉತ್ತರದೇಶದ ಮಿಶನಿನವರಿಗೆಲ್ಲ ತಂಗುವ ಮನೆಯಾಯಿತು. ಬಿಸಿಲಿನಲ್ಲಿ ಬಳಲಿದವರೂ ಕಾಯಿಲೆಯಿಂದೆದ್ದವರೂ ಹೊಸದಾಗಿ ಹಡಗಿಳಿದು ಭಾಷೆ ಬಾರದವರೂ ಅಲ್ಲಿ ಇಳಿದರು. ಶಾಲೆಯನ್ನು ನಡಿಸುವಾಕೆಗೆ ಅತಿಥಿಗಳು ಎಷ್ಟು ತೊಂದರೆಯೆಂಬುದು ಮನೆ ನಡಿಸುವ ಯಾವ ಹೆಂಗಸಿಗೂ ಗೊತ್ತು. ಬೇಥಾನ್ಯದ ಮಾರ್ಥಳು ಬೇಸರಗೊಂಡುದನ್ನು ನಾವು ಓದಿದ್ದೇವೆ. ಇಸಬೆಲ್ಲಮ್ಮನವರು ಹೆಚ್ಚು ಮಾತಿನವರಲ್ಲ, ಶಾಂತಸ್ವಭಾವದವರು. ತಮ್ಮ ಜೊತೆಯಲ್ಲಿ ಕೆಲಸಮಾಡುವ ದೇಶೀಯ ಉಪಾಧ್ಯಾಯಿನಿಯರನ್ನು ಕೈಕೆಳಗಿನವರೆಂದಲ್ಲ, ಸಮಾನರೆಂದೇ ನಡಿಸಿದರು. 1886ರಲ್ಲಿ ಕಾಲೇಜಿನ ತರಗತಿಗಳೂ ಅಲ್ಲಿಯೇ ಆರಂಭವಾದವು.

ಅದೇ ವರ್ಷ ದೇಹವು ಕುಗ್ಗಿ ಅವರು ಸ್ವದೇಶಕ್ಕೆ ಹೋಗಬೇಕಾಯಿತು. ವಿಶ್ರಾಂತಿಯೆಂಬುದು ಅಲ್ಲಿಯೂ ಇಲ್ಲ. ಚಿಕಾಗೋ ಪಟ್ಟಣದಲ್ಲಿ ಲೂಸಿ ರೈಡರ್ ಮೇಯರ್ ಎಂಬಾಕೆಯು ಸೇವಕಿಯರ ಸಂಘವನ್ನು ಕಟ್ಟುತ್ತಿದ್ದಳು. ಡೀಕನೆಸ್ ಎಂದು ಕರೆಯಲ್ಪಟ್ಟ ಈ ಸ್ತ್ರೀಯರು ಸಂಬಳವಿಲ್ಲದೆ ಸಾದಾ ಉಡುಪಿನಲ್ಲಿ ಬಡವರ ಮನೆಗಳಿಗೆ ಹೋಗುತ್ತಿದ್ದರು. ಇಸಬೆಲ್ಲಮ್ಮನವರು ಅವರೊಡನೆ ಸೇರಿದರು. ತರುವಾಯ 1888ರಲ್ಲಿ ಸಿನ್ಸಿನಾಟಿ ಪಟ್ಟಣದ ಸಾಬೂನು ಕಾರ್ಖಾನೆಯ ಐಶ್ವರ್ಯವಂತನಾದ ಜೇಮ್ಸ್ ಗ್ಯಾಂಬಲನು ಅವರನ್ನು ಕರೆಸಿಕೊಂಡನು. ಅಲ್ಲಿ ಸೇವಕಿಯರನ್ನು ತರಬೇತು ಮಾಡುವ ಮನೆಯೂ, 1889ರಲ್ಲಿ ಹತ್ತು ಹಾಸಿಗೆಗಳ ಒಂದು ಆಸ್ಪತ್ರೆಯೂ ಹುಟ್ಟಿದವು. ದೊಡ್ಡ ಮನೆತನದವರು ಚೀಟಿಗಳನ್ನು ಹಿಡಿದು ತಿರುಗುತ್ತಿದ್ದ ಪಟ್ಟಣದಲ್ಲಿ ಈ ಹೆಂಗಸರು ಹೊಗೆ ತುಂಬಿದ ಕೇರಿಗಳ ಬಾಗಿಲುಗಳನ್ನು ತಟ್ಟಿದರು. ಅಲ್ಲಿ ಅವರಿಗೆ ಯಾರೂ ಮರುಭೇಟಿ ಕೊಡಬೇಕಾಗಿರಲಿಲ್ಲ. ಎಲೆನಮ್ಮನವರೂ ಅದೇ ಊರಿನಲ್ಲಿದ್ದು, ಹಿಂದೂದೇಶಕ್ಕೆ ಹೆಂಗಸರನ್ನು ಕಳುಹಿಸುವ ಸಂಘದ ಆ ಸೀಮೆಯ ಶಾಖೆಗೆ ಬಹುವರ್ಷ ಕಾರ್ಯದರ್ಶಿಯಾಗಿದ್ದರು.

ಇಸಬೆಲ್ಲಮ್ಮನವರು ಲಕ್ನೋವಿಗೆ ಹಿಂತಿರುಗಿದ ಮೇಲೆ 1895ರಲ್ಲಿ ಕಾಲೇಜಿಗೆ ಸರ್ಕಾರದ ಸನ್ನದು ದೊರೆಯಿತು. ಅದೇ ವರ್ಷ ಅವರ ಶಿಷ್ಯೆಯಾದ ಲೀಲಾವತಿ ಸಿಂಗಮ್ಮನು ಅಲಹಾಬಾದಿನ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಗೋರಖಪುರದಲ್ಲಿ ಹುಟ್ಟಿದ ಈಕೆಯು ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸುತ್ತಿದ್ದಳು. 1899ರಲ್ಲಿ ಕಟ್ಟಡಕ್ಕೆ ಹಣವನ್ನು ಕೂಡಿಸಲು ಮಿಸ್ಸಮ್ಮನವರು ಅಮೆರಿಕಾಕ್ಕೆ ಹೊರಟಾಗ ಲೀಲಾವತಿಯನ್ನೂ ಕರೆದುಕೊಂಡು ಹೋದರು. ಈಗ ಅತಿಥಿಯಾದವಳು ಹಿಂದೂದೇಶದ ಹೆಣ್ಣುಮಗಳು. ಸೀರೆಯುಟ್ಟ ಆಕೆಯನ್ನು ನೋಡಬೇಕೆಂದು ಬಂದವರು ಆಕೆಯ ಮಾತನ್ನು ಕೇಳಿ ಹೋದರು.

1900ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಎಲ್ಲ ಮಿಶನ್ ಸಂಘಗಳ ಮಹಾಸಮ್ಮೇಳನವು ಕೂಡಿತು. ಅಧ್ಯಕ್ಷನಾಗಿದ್ದ ಮೆಕಿನ್ಲಿಯವರೂ ನ್ಯೂಯಾರ್ಕ್ ಸೀಮೆಯ ಗವರ್ನರಾಗಿದ್ದ ರೂಸ್ವೆಲ್ಟರೂ ಅಲ್ಲಿ ಬಂದವರನ್ನು ಸ್ವಾಗತಿಸಿದರು. ಮಾಜಿ ಅಧ್ಯಕ್ಷರಾದ ಬೆಂಜಮಿನ್ ಹ್ಯಾರಿಸನ್ನರು ಸಮ್ಮೇಳನದ ಅಗ್ರಾಸನದಲ್ಲಿದ್ದರು. ಲೀಲಾವತಿಯು ಹಿಂದೂದೇಶದ ಸ್ತ್ರೀಯರ ಉಚ್ಚವಿದ್ಯೆಯ ವಿಷಯವಾಗಿ ಮಾತನಾಡಿದಳು. ಅದನ್ನು ಕೇಳಿದ ಹ್ಯಾರಿಸನ್ನರು, ತಾನು ಮಿಶನ್ ಕೆಲಸಕ್ಕೆ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟು ಈ ಒಬ್ಬಳೇ ಫಲವಾಗಿ ಬಂದಿದ್ದರೂ ಸಾಕಾಗುತ್ತಿತ್ತು ಎಂಬ ಅರ್ಥದ ಮಾತನ್ನಾಡಿದರು. ಒಬ್ಬ ಮನುಷ್ಯಳನ್ನು ಹಣದಿಂದ ಅಳೆದ ಈ ಹೊಗಳಿಕೆಯು ನಮಗೆ ಪೂರ್ತಿಯಾಗಿ ರುಚಿಸದು. ಆದರೂ ಆ ಸಭೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯು ಬೇರೆ ಯಾರಿಗೂ ಆಗಲಿಲ್ಲವೆಂದು ತಿಳಿದವರು ಹೇಳುತ್ತಾರೆ. ಇಸಬೆಲ್ಲಮ್ಮನವರು ತಾವು ಹಿಂದೆ ಸರಿದು ಶಿಷ್ಯೆಯನ್ನು ಮುಂದಿಟ್ಟರು.

ಹಿಂತಿರುಗಿದ ಮೇಲೆ ಅವರು ಬಹುಕಾಲ ಇರಲಿಲ್ಲ. 1901ರ ಸೆಪ್ಟೆಂಬರ್ 1ರಲ್ಲಿ ವಾಂತಿಭೇದಿಯ ರೋಗವು ತಗಲಿ ಲಕ್ನೋವಿನಲ್ಲಿ ತೀರಿಕೊಂಡರು. ಆಗ ಅವರಿಗೆ 61 ವರ್ಷ. ಅಲ್ಲಿಯೇ ಅವರ ಸಮಾಧಿಯಾಯಿತು. ಕಾಲೇಜಿಗೆ ಅವರ ಹೆಸರನ್ನಿಟ್ಟರು. 1923ರಲ್ಲಿ ಕಾಲೇಜು ಚಾಂದ್ ಬಾಗ್ ಎಂಬ ಸ್ಥಳಕ್ಕೆ ಹೋಯಿತು, ಲಾಲ್ ಬಾಗಿನಲ್ಲಿ ಹುಡುಗಿಯರ ಶಾಲೆಯು ಉಳಿಯಿತು. ಲೀಲಾವತಿಯು ಕಾಲೇಜಿನ ಉಪಪ್ರಾಂಶುಪಾಲಿನಿಯಾಗಿ, 1909ರಲ್ಲಿ ಎರಡನೆಯ ಸಾರಿ ಅಮೆರಿಕಾಕ್ಕೆ ಹೋಗಿದ್ದಾಗ ಚಿಕಾಗೋದಲ್ಲಿ ಮರಣಹೊಂದಿದಳು. ಹೀಗೆ ಒಹಾಯೋವಿನ ಹೊಲದಲ್ಲಿ ಹುಟ್ಟಿದಾಕೆಯು ಲಕ್ನೋವಿನ ಮಣ್ಣಿನಲ್ಲಿ ಮಲಗಿದರು; ಗೋರಖಪುರದಲ್ಲಿ ಹುಟ್ಟಿದಾಕೆಯು ಅತಿಥಿಯಾಗಿ ಹೋದ ದೇಶದಲ್ಲಿ ಕಣ್ಣು ಮುಚ್ಚಿದಳು.